ಮೂರನೇ ನಂಬರಿನ ಲಕೋಟೆ

ಫೆಬ್ರವರಿ 26

ಅಪ್ಪನಿಗೆ,

ಈ ಕಾಗದದ ಜೊತೆ ಬಂದಿರುವ ದೊಡ್ಡ ಲಕೋಟೆಯನ್ನು ಮೊದಲು ಎಲ್ಲಾದರೂ ಭದ್ರವಾಗಿ ಇಡಿ, ಆಮೇಲೆ ಮುಂದಕ್ಕೆ ಓದಿ. ಅದು ನನ್ನ ಮೆಡಿಕಲ್ ಕಾಲೇಜಿನ ಅರ್ಜಿ. ನಾಲ್ಕನೇ ಪುಟದಲ್ಲಿ ನಿಮ್ಮ ಸಹಿ ಬೇಕು. ನಮ್ಮ ಮನೆಯ ವಾಸದ ಪತ್ರವನ್ನು ಅಲ್ಲಿಯ ಕಚೇರಿಯಿಂದ ತಂದು ಒಳಗೆ ಸೇರಿಸಬೇಕು. ವಿಳಾಸ ನಾನೇ ಬರೆದಿದ್ದೇನೆ. ಅಂಟಿಸಿ, ಇಟ್ಟುಕೊಳ್ಳಿ. ನಾನು ಹೇಳುವ ತನಕ ಅಂಚೆಗೆ ಹಾಕಬೇಡಿ.

ಯಾಕೆ ಎಂದು ಅಮ್ಮ ಕೇಳುತ್ತಾಳೆ, ಅದಕ್ಕೇ ಬಿಡಿಸಿ ಬರೆಯುತ್ತೇನೆ. ಅರ್ಜಿ ತೆಗೆದುಕೊಳ್ಳುವುದು ಮಾರ್ಚ್ ಒಂದರಿಂದ ಏಪ್ರಿಲ್ ಕೊನೆಯವರೆಗೆ. ಬಂದ ಹಾಗೆ ನಂಬರು ಹಾಕಿ, ಏಪ್ರಿಲ್ ಒಂದರಿಂದ ಅದೇ ಸಾಲಿನಲ್ಲಿ ತೆರೆದು ನೋಡುತ್ತಾರೆ. ಯೋಗ್ಯರೆನಿಸಿದವರಿಗೆ ಸೀಟು ಕೊಡುತ್ತಾ ಹೋಗುತ್ತಾರೆ, ಮುಗಿದರೆ ಮುಗಿಯಿತು. ಬೇಗ ಹಾಕಿದವರಿಗೆ ಅನುಕೂಲ. ಆದರೆ ನನ್ನ ಕೈಯಲ್ಲಿ ಇರುವುದು ಹೋದ ವರ್ಷದ ಪ್ರವೇಶ ಪರೀಕ್ಷೆಯ ಅಂಕ, ಐನೂರಕ್ಕೆ 388. ಹೋದ ಸಲ ಕೊನೆಯ ಸೀಟು ಹೋಗಿದ್ದು 390ಕ್ಕೆ. ಮಾರ್ಚ್ 22ಕ್ಕೆ ಮತ್ತೆ ಬರೆಯುತ್ತೇನೆ, ಅಂಕ ಬರುವುದು ಏಪ್ರಿಲ್ 20ಕ್ಕೆ. ಅದನ್ನು ನೋಡಿಕೊಂಡು ಹಾಕೋಣ. ಪರೀಕ್ಷೆ ಬರೆಯಲು ಇರುವುದು ಎರಡೇ ಅವಕಾಶ, ಅರ್ಜಿ ಹಾಕಲು ನನಗೆ ಇದೇ ಕೊನೆಯ ವರ್ಷ. ಒಬ್ಬರಿಗೆ ಒಂದೇ ಅರ್ಜಿ.

ಕಾಲೇಜು ಇಲ್ಲಿಂದ ಎರಡು ಬಸ್ ನಿಲ್ದಾಣದಾಚೆ ಇದ್ದರೂ ಅರ್ಜಿಯನ್ನು ಕೈಯಲ್ಲಿ ಕೊಟ್ಟರೆ ಮುಟ್ಟುವುದಿಲ್ಲ, ಅಂಚೆಯಲ್ಲೇ ಬರಬೇಕಂತೆ. ನಮ್ಮ ಕೋಣೆಯಲ್ಲಿ ಆರು ಜನ, ಬೆಳಗ್ಗೆ ಇಟ್ಟ ಪೆನ್ನು ಮಧ್ಯಾಹ್ನಕ್ಕೆ ಇರುವುದಿಲ್ಲ. ನಿಮ್ಮ ಕೈಗಿಂತ ಭದ್ರವಾದ ಜಾಗ ನನಗೆ ಗೊತ್ತಿಲ್ಲ.

ಪರೀಕ್ಷೆ ಮುಗಿಯುವ ತನಕ ಹಾಸ್ಟೆಲಿನ ಮೇಲ್ವಿಚಾರಕಿ ಎಲ್ಲರ ಫೋನನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ಕಾಗದವೇ ಗತಿ.

ನಿಮ್ಮ ಕಡ್ಡಿ


ಮಾರ್ಚ್ 1

ಕಡ್ಡಿಗೆ,

ನಿನ್ನ ಕಾಗದ ಆಫೀಸಿನಲ್ಲಿ ಅಂಚೆ ವಿಂಗಡಿಸುವ ನನ್ನ ಮೇಜಿಗೇ ಬಂತು. ಚೀಲ ಸುರಿದಾಗ ಮೇಲೇ ಬಿದ್ದಿತ್ತು. ಅಕ್ಷರ ನೋಡಿದ ಕೂಡಲೇ ಗೊತ್ತಾಯಿತು, ಆದರೂ ನಮ್ಮ ಬೀದಿಯ ಖಾನೆಗೆ ಹಾಕಿ ಮನೆಗೆ ಹೋಗಿ ಕಾದು ಕುಳಿತೆ. ಪೋಸ್ಟ್‌ಮ್ಯಾನ್ ತಂದುಕೊಟ್ಟು, "ಅಲ್ಲೇ ಜೇಬಿಗೆ ಹಾಕ್ಕೊಂಡಿದ್ರೆ ನನಗೆ ಮೂರು ಮೆಟ್ಟಿಲು ಉಳೀತಿತ್ತಲ್ಲ ಸಾರ್" ಎಂದು ಗೊಣಗಿದ.

ಸಹಿ ಮಾಡಿದೆ. ಮೂರು ಸಲ ಬೇರೆ ಹಾಳೆಯ ಮೇಲೆ ಅಭ್ಯಾಸ ಮಾಡಿ ಆಮೇಲೆ ಮಾಡಿದೆ. ನಿನ್ನ ಅಮ್ಮ ಹೊಲಿಗೆ ಯಂತ್ರ ನಿಲ್ಲಿಸಿ, "ಡಾಕ್ಟರ್ ಆಗ್ತಿರೋದು ಅವಳಾ ನೀವಾ?" ಎಂದಳು. ಆಮೇಲೆ ತಾನೂ ಅರ್ಜಿಯನ್ನು ಮೊದಲಿನಿಂದ ಕೊನೆಯ ತನಕ ಓದಿ, ಬಟ್ಟೆ ಮಡಿಸುವ ಹಾಗೆ ಮೂಲೆಗೆ ಮೂಲೆ ಸೇರಿಸಿ ಲಕೋಟೆಗೆ ಸೇರಿಸಿದಳು. ಹತ್ತನೇ ತರಗತಿಯ ಅಂಕಪಟ್ಟಿಯ ಮೇಲೆ ಅವಳ ಕೈ ತುಸು ಹೆಚ್ಚು ಹೊತ್ತು ನಿಂತಿತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಅನ್ನಲಿ ಬಿಡು, ನಮ್ಮದು ಹೆಗ್ಗಣವಲ್ಲ.

ವಾಸದ ಪತ್ರ ನಾಳೆ ಬೆಳಗ್ಗೆ ಸಿಗುತ್ತದೆ. ಅದನ್ನು ಸೇರಿಸಿ, ಅಂಟಿಸಿ, ನಮ್ಮ ಆಫೀಸಿನ ತಕ್ಕಡಿಯಲ್ಲಿ ತೂಗಿ, ಅಂಚೆಚೀಟಿಯನ್ನೂ ಹಚ್ಚಿಟ್ಟುಬಿಡುತ್ತೇನೆ. ನೀನು ಹೇಳಿದ ದಿನ ಹಾಕುವುದೊಂದೇ ಬಾಕಿ. ನಿಶ್ಚಿಂತೆಯಿಂದ ಓದು. ಇಪ್ಪತ್ತೇಳು ವರ್ಷದಲ್ಲಿ ನಿನ್ನ ಅಪ್ಪನ ಕೈಯಿಂದ ಒಂದು ಕಾಗದ ತಪ್ಪು ಖಾನೆಗೆ ಬಿದ್ದಿಲ್ಲ.

ಅಪ್ಪ


ಮಾರ್ಚ್ 3

ಕಡ್ಡಿಗೆ,

ನಾವೆಲ್ಲ ಕ್ಷೇಮ ಎಂದು ಶುರುಮಾಡುವುದು ವಾಡಿಕೆ. ಇವತ್ತು ಹಾಗೆ ಬರೆಯಲು ಮುಖವಿಲ್ಲ.

ನಿನ್ನ ಲಕೋಟೆ ಅಂಚೆಗೆ ಹೋಯಿತು. ನಾನೇ ಹಾಕಿದೆ.

ನಿನ್ನೆ ಬೆಳಗ್ಗೆ ಹತ್ತೂವರೆಗೆ ತೂಗಿದೆ. ತಕ್ಕಡಿ ನೋಡುವ ಮೊದಲೇ ನೂರಾ ನಲವತ್ತು ಗ್ರಾಂ ಎಂದುಕೊಂಡೆ, ಅಷ್ಟೇ ಬಂತು. ಅಂಚೆಚೀಟಿ ಹಚ್ಚಿದೆ. ಅಷ್ಟರಲ್ಲಿ ಪಕ್ಕದ ಮೇಜಿನವಳು ಒಂದು ಗೀಚಿದ ವಿಳಾಸ ತಂದು, "ಇದ್ಯಾವ ಊರು ಓದಿ ಹೇಳಿ" ಎಂದಳು. ಓದಿ ಹೇಳಿದೆ. ತಿರುಗಿ ನೋಡಿದರೆ ನನ್ನ ಕೈ ಖಾಲಿ. ತೂಗಿ, ಚೀಟಿ ಹಚ್ಚಿ, ವಿಳಾಸ ಸರಿಯಿದ್ದ ಲಕೋಟೆ ಸಿಕ್ಕರೆ ಕೈ ಏನು ಮಾಡಬೇಕೋ ಅದನ್ನೇ ಮಾಡಿತ್ತು, ಚೀಲಕ್ಕೆ ಹಾಕಿತ್ತು. ದಿನಕ್ಕೆ ನಾಲ್ಕು ಸಾವಿರ ಸಲ ಮಾಡುವ ಕೆಲಸ. ನಾನು ಯೋಚಿಸುವುದನ್ನು ಬಿಟ್ಟು ವರ್ಷಗಳಾದವು, ಕೈ ಬಿಟ್ಟಿಲ್ಲ. ಚೀಲ ಕಟ್ಟಿ ಆಗಿತ್ತು, ಹೊರಗೆ ಓಡುವಷ್ಟರಲ್ಲಿ ವ್ಯಾನು ಗೇಟು ದಾಟಿತ್ತು.

ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟರೆ ನನಗೆ ಅನ್ನ ಇಳಿಯುವುದಿಲ್ಲ. ಆ ಚೀಲ ಹೋಗುವ ದೊಡ್ಡ ಆಫೀಸಿನಲ್ಲಿ ದಪ್ಪಣ್ಣ ಇದ್ದಾನೆ, ನನ್ನ ಜೊತೆ ಕೆಲಸಕ್ಕೆ ಸೇರಿದವನು. ಸಂಕಟ ತಡೆಯದೆ ಅವನಿಗೆ ಫೋನ್ ಮಾಡಿದೆ. "ಹೂಂ ಅನ್ನು, ತೆಗೆದಿಡ್ತೀನಿ. ಯಾರಿಗ್ ಗೊತ್ತಾಗತ್ತೆ?" ಎಂದ. ನಾನು ಹೂಂ ಅನ್ನಲಿಲ್ಲ. ಅಂಚೆಗೆ ಬಿದ್ದ ಮೇಲೆ ಕಾಗದ ಬರೆದವರದ್ದೂ ಅಲ್ಲ, ಹೊರುವವರದ್ದೂ ಅಲ್ಲ, ವಿಳಾಸದಲ್ಲಿರುವವರದ್ದು. ಕಳಿಸಿದವರೇ ಸಹಿ ಮಾಡಿ ವಾಪಸ್ ಕೇಳಬಹುದು, ಅದಕ್ಕೊಂದು ಫಾರಂ ಇದೆ. ನಿನ್ನ ಸಹಿ ಬರುವ ಹೊತ್ತಿಗೆ ಅದು ಕಾಲೇಜು ಸೇರಿರುತ್ತದೆ.

ನಿನ್ನ ಅಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ತಪ್ಪು ನನ್ನದು.

ಅಪ್ಪ


ಮಾರ್ಚ್ 7

ಅಪ್ಪನಿಗೆ,

ಕೈ ತಪ್ಪಿತು, ಸರಿ. ಕೈ ಯಾರದ್ದಾದರೂ ತಪ್ಪುತ್ತದೆ. ಆದರೆ ಫೋನಿನಲ್ಲಿ ಒಂದು 'ಹೂಂ' ಸಾಕಿತ್ತು. ಅದನ್ನು ಹೇಳದೆ ಇದ್ದದ್ದು ಕೈ ಅಲ್ಲ, ನೀವು.

ನಿಮ್ಮ ನಿಯಮ ದೊಡ್ಡದೋ ನನ್ನ ವರ್ಷ ದೊಡ್ಡದೋ? ನನಗೆ ಇದು ಒಂದು ವರ್ಷವೂ ಅಲ್ಲ, ಇದ್ದದ್ದೇ ಇದು. 388ನ್ನು ಮುಂದಿಟ್ಟುಕೊಂಡು ನಿಂತಿರುವವಳು ನಾನು.

ಪರೀಕ್ಷೆಗೆ ಹದಿನೈದು ದಿನ ಇದೆ. ಅಲ್ಲಿಯವರೆಗೆ ಬರೆಯಬೇಡಿ. ಬರೆದರೂ ಒಡೆಯುವುದಿಲ್ಲ.

ಮಗಳು


ಮಾರ್ಚ್ 10

ಕಡ್ಡಿಗೆ,

ಬರೆಯಬೇಡಿ ಎಂದೆ. ಬರೆಯುತ್ತೇನೆ. ಒಡೆಯುವುದು ಬಿಡುವುದು ನಿನಗೆ ಸೇರಿದ್ದು, ಪರೀಕ್ಷೆಯಾದ ಮೇಲೆ ಒಡೆ.

ನೀನು ಕೇಳಿದ್ದಕ್ಕೆ ಉತ್ತರ ಕೊಡಬೇಕು. ನಿನ್ನ ವರ್ಷವೇ ದೊಡ್ಡದು. ಅದರಲ್ಲಿ ಎರಡು ಮಾತಿಲ್ಲ. ಆದರೂ ನನಗೆ ಆ 'ಹೂಂ' ಬರಲಿಲ್ಲ ಕಣೇ. ಯಾರದೋ ಕೆಲಸದ ಆದೇಶ, ಯಾರದೋ ಸಾವಿನ ಸುದ್ದಿ, ಯಾರದೋ ಮಗಳ ಅರ್ಜಿ, ಎಲ್ಲ ಈ ಮೇಜಿನ ಮೇಲೆ ಹಾದುಹೋಗಿವೆ. ಅವರೆಲ್ಲ ನನ್ನನ್ನು ನೋಡದೆಯೇ ನಂಬಿದವರು. ನನ್ನ ಮಗಳದ್ದು ಬಂದಾಗ ಕೈ ಹಾಕಿದರೆ ಇಷ್ಟು ದಿನ ಹಾಕದೆ ಇದ್ದದ್ದಕ್ಕೆ ಏನು ಬೆಲೆ? ಇದು ನಿನಗೆ ಸಮಾಧಾನ ಕೊಡುವುದಿಲ್ಲ, ಗೊತ್ತು. ನನಗೂ ಕೊಡುತ್ತಿಲ್ಲ.

ನಮ್ಮಲ್ಲಿ ತಪ್ಪುಗಳ ಪುಸ್ತಕ ಅಂತ ಒಂದಿದೆ. ತಪ್ಪಿ ಹೋದ ಕಾಗದವನ್ನು ಅದರಲ್ಲಿ ಬರೆದು ಮೇಲಿನವರ ಸಹಿ ಹಾಕಿಸಬೇಕು. ನನ್ನ ಹೆಸರಿನ ಪುಟ ಇಪ್ಪತ್ತೇಳು ವರ್ಷದಿಂದ ಖಾಲಿ ಇತ್ತು. ನಿನ್ನೆ ನಾನೇ ಬರೆದೆ. ಎಲ್ಲಿಗೆ ಹೋಗಬೇಕಿತ್ತು ಎನ್ನುವಲ್ಲಿ 'ಮೆಡಿಕಲ್ ಕಾಲೇಜು'. ಎಲ್ಲಿಗೆ ಹೋಯಿತು ಎನ್ನುವಲ್ಲಿ, ಏನು ಮಾಡಲಿ, ಅಲ್ಲೂ 'ಮೆಡಿಕಲ್ ಕಾಲೇಜು' ಎಂದೇ ಬರೆದೆ. ನಮ್ಮ ಸಾಹೇಬರು ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿ, "ಇದ್ರಲ್ಲಿ ತಪ್ಪೆಲ್ಲಿದೆ ಸ್ವಾಮಿ?" ಎಂದರು. ಬೇಗ ಹೋಯಿತು ಸಾರ್ ಎಂದೆ. "ಅಂಚೆ ಬೇಗ ಹೋಯ್ತು ಅಂತ ನಾನ್ ಸಹಿ ಹಾಕಿದ್ರೆ ನನ್ನ ಕೆಲಸ ಹೋಗತ್ತೆ" ಎಂದು ಪುಸ್ತಕ ಮುಚ್ಚಿದರು. ಸಾಲು ಹಾಗೇ ಇದೆ, ಸಹಿಯಿಲ್ಲದೆ.

ನಿನ್ನ ಅಮ್ಮ ಇವತ್ತು ಬಾಯಿ ಬಿಟ್ಟಳು. ನನಗಲ್ಲ, ನಿನಗೆ ಬರೆಯಲು: "ಕತ್ತರಿ ಆಡಿಸಿ ಆಯ್ತು. ಇನ್ನು ಇರೋ ಬಟ್ಟೆಲೇ ಅಂಗಿ ಹೊಲೀಬೇಕು. ಅತ್ತು ಕಣ್ಣು ಕೆಡಿಸ್ಕೊಂಡು ಪರೀಕ್ಷೆಗೆ ಹೋಗ್ಬೇಡ ಅನ್ನಿ."

ಅಪ್ಪ


ಮಾರ್ಚ್ 24

ಅಪ್ಪನಿಗೆ,

ಪರೀಕ್ಷೆ ಮುಗಿಯಿತು. ಫೋನೂ ವಾಪಸ್ ಬಂತು. ಆದರೂ ಬರೆಯುತ್ತೇನೆ. ಫೋನಿನಲ್ಲಿ ನೀವು "ಊಟ ಆಯ್ತಾ" ದಾಟಿ ಮುಂದೆ ಹೋಗುವವರಲ್ಲ.

ನಿಮ್ಮ ಕಾಗದವನ್ನು ಪರೀಕ್ಷೆಯ ಹಾಲಿನಿಂದ ಹೊರಬಂದು, ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಒಡೆದೆ. ಸಾಹೇಬರ ಮಾತಿಗೆ ನಗು ಬಂತು. ಸಿಟ್ಟಿನಲ್ಲೇ ಇರಬೇಕು ಎಂದುಕೊಂಡಿದ್ದೆ, ಆಗಲಿಲ್ಲ.

ಇವತ್ತು ಕಾಲೇಜಿಗೆ ಹೋಗಿ ವಿಚಾರಿಸಿದೆ. ಕಿಟಕಿಯ ಹಿಂದೆ ಕೂರುವ ಮೇಡಂ ನಗುವುದನ್ನು ಮರೆತು ಎಷ್ಟು ವರ್ಷವಾಗಿದೆಯೋ. ಪುಸ್ತಕ ತಿರುವಿ, "ನಿಮ್ಮದು ಮೂರನೇ ನಂಬರು" ಎಂದರು. ಮೂರು! ಎರಡು ಸಾವಿರ ಅರ್ಜಿ ಬರುವ ಕಡೆ. ಹೊಸ ಅಂಕ ಬರುವ ತನಕ ನನ್ನ ಫೈಲನ್ನು ತೆರೆಯದೆ ಇಡಬಹುದಾ ಎಂದು ಅಂಜುತ್ತಲೇ ಕೇಳಿದೆ. "ನಿಯಮದ ಪುಸ್ತಕ ಓದಿಲ್ವಾ? ಒಂಬತ್ತನೇ ಪುಟ" ಎಂದರು. ನಾನು ಎಂಟನೇ ಪುಟದವರೆಗೆ ಓದಿದ್ದೆ, ಅಪ್ಪ. ಇದನ್ನು ನಿಮಗೆ ಬಿಟ್ಟು ಬೇರೆ ಯಾರಿಗೂ ಹೇಳುವುದಿಲ್ಲ.

ಒಂಬತ್ತನೇ ಪುಟ ಹೇಳುವುದು ಇಷ್ಟು. ಮಾರ್ಚ್ 31ರೊಳಗೆ ಬರೆದುಕೊಟ್ಟರೆ ಫೈಲು ಪಕ್ಕಕ್ಕೆ ಇಡುತ್ತಾರೆ, ನಂಬರು ಹೋಗುವುದಿಲ್ಲ. ಹೊಸ ಅಂಕ ಬಂದ ದಿನ ಅದನ್ನೇ ಮೊದಲು ತೆರೆಯುತ್ತಾರೆ. ಆದರೆ ಬರೆದುಕೊಟ್ಟ ಕ್ಷಣದಿಂದ ಹಳೆಯ ಅಂಕ ರದ್ದು. ಹೊಸದು ಹೆಚ್ಚಿರಲಿ ಕಡಿಮೆಯಿರಲಿ, ಅದೇ ಲೆಕ್ಕ.

ಈಗ ಇದು ನುಂಗಲೂ ಆಗದ ಉಗುಳಲೂ ಆಗದ ಬಿಸಿ ತುಪ್ಪ. ಏನೂ ಬರೆದುಕೊಡದೆ ಬಿಟ್ಟರೆ ಮೂರನೇ ನಂಬರಿನಲ್ಲಿ 388ಕ್ಕೇ ಸೀಟು ಸಿಕ್ಕರೂ ಸಿಗಬಹುದು, ಮೊದಮೊದಲು ಕೈ ಸಡಿಲ ಇರುತ್ತದಂತೆ. ಬರೆದುಕೊಟ್ಟರೆ ಎಲ್ಲವೂ ಮೊನ್ನೆಯ ಪರೀಕ್ಷೆಯ ಮೇಲೆ. ಜೀವಶಾಸ್ತ್ರ ಚೆನ್ನಾಗಿ ಆಯಿತು. ರಸಾಯನಶಾಸ್ತ್ರದಲ್ಲಿ ಏಳು ಪ್ರಶ್ನೆ ಅನುಮಾನ.

ಏನು ಮಾಡಲಿ? ಹೇಳಿ. ಈ ಸಲ ನೀವು ಹೇಳಿದ ಹಾಗೆ ಮಾಡುತ್ತೇನೆ.

ನಿಮ್ಮ ಕಡ್ಡಿ


ಮಾರ್ಚ್ 26

ಕಡ್ಡಿಗೆ,

ಕೊನೆಯಲ್ಲಿ 'ಮಗಳು' ಹೋಗಿ 'ಕಡ್ಡಿ' ವಾಪಸ್ ಬಂದಿದೆ. ಅದನ್ನು ಮೊದಲು ನೋಡಿ, ಆಮೇಲೆ ಕಾಗದ ಓದಿದೆ. ನಿನ್ನ ಅಮ್ಮನಿಗೂ ತೋರಿಸಿದೆ. "ಇನ್ನು ನಿಮಗೂ ಕಾಫಿ ಮಾಡ್ತೀನಿ" ಎಂದಳು.

ಮೂರನೇ ನಂಬರು ಎಂದು ಓದಿದಾಗ ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ. ತಕ್ಷಣವೇ ನಾಚಿಕೆಯೂ ಆಯಿತು. ಅದರಲ್ಲಿ ನನ್ನ ಜಾಣತನ ಏನಿದೆ?

ಏನು ಮಾಡಲಿ ಎಂದು ಕೇಳಿದ್ದೀಯ. ನಾನು ಹೇಳುವುದಿಲ್ಲ. ನಿನ್ನ ಪರವಾಗಿ ಒಮ್ಮೆ ನಿರ್ಧಾರ ಮಾಡಿದ್ದಾಯಿತು, ಅದೂ ಕೈಯಲ್ಲಿ. ಇನ್ನೊಮ್ಮೆ ಬೇಡ. ನನಗೆ ಗೊತ್ತಿರುವ ಒಂದೇ ವಿದ್ಯೆಯನ್ನು ಮಾತ್ರ ಹೇಳುತ್ತೇನೆ. ಲಕೋಟೆಯನ್ನು ಕೈಯಲ್ಲಿ ಹಿಡಿದ ಕೂಡಲೇ ಇದು ಇಷ್ಟು ಗ್ರಾಂ ಎಂದು ಹೊಳೆಯುತ್ತದೆ. ಆ ಮೊದಲ ಅಂದಾಜು ತಪ್ಪುವುದಿಲ್ಲ. ಇರಲಿಕ್ಕಿಲ್ಲ, ಹೆಚ್ಚಿರಬಹುದು, ಎಂದು ಎರಡನೇ ಸಲ ಎತ್ತಿ ನೋಡಿದರೆ ಆಗ ತಪ್ಪುತ್ತದೆ. ಹೊಸಬರೆಲ್ಲ ಮಾಡುವುದು ಅದೇ.

ಉತ್ತರಪತ್ರಿಕೆ ಕೊಟ್ಟು ಎದ್ದಾಗ ನಿನಗೆ ಒಂದು ಅಂಕ ಹೊಳೆದಿರುತ್ತದೆ, ಆ ಏಳು ಪ್ರಶ್ನೆಯ ಬಗ್ಗೆ ಗೆಳತಿಯರ ಜೊತೆ ಚರ್ಚೆ ಮಾಡುವ ಮೊದಲು. ಅದು ಎಷ್ಟು? ನನಗೆ ಹೇಳಬೇಡ. ನೀನು ಅದನ್ನು ನಂಬುತ್ತೀಯೋ ಇಲ್ಲವೋ ನೋಡಿಕೋ.

ಯಾವ ದಾರಿ ಹಿಡಿದರೂ ಅದು ನೀನು ಹಿಡಿದ ದಾರಿ. ಸೀಟು ಸಿಗದಿದ್ದರೂ ನಮ್ಮ ಮನೆಯಲ್ಲಿ ನಿನ್ನ ಖಾನೆ ಖಾಲಿ ಇರುವುದಿಲ್ಲ.

ಅಪ್ಪ


ಏಪ್ರಿಲ್ 21

ಅಪ್ಪನಿಗೆ, ಅಮ್ಮನಿಗೂ,

ಮಾರ್ಚ್ 29ಕ್ಕೇ ಬರೆದುಕೊಟ್ಟೆ. ಕೊಟ್ಟು ಹೊರಗೆ ಬಂದ ಮೇಲೆ ಬಸ್ ನಿಲ್ದಾಣದಲ್ಲಿ ಆ ಏಳು ಪ್ರಶ್ನೆಯನ್ನೇ ಲೆಕ್ಕ ಹಾಕುತ್ತಾ ಒಂದು ಬಸ್ಸು ತಪ್ಪಿಸಿಕೊಂಡೆ. ನಿಮಗೆ ಆಗಲೇ ಹೇಳಲಿಲ್ಲ. ಹೇಳಿದರೆ ಅಮ್ಮ ಮೂರು ವಾರ ಸೂಜಿ ಚುಚ್ಚಿಕೊಳ್ಳುತ್ತಿದ್ದಳು.

ನಿನ್ನೆ ಅಂಕ ಬಂತು. 417. ಎದ್ದಾಗ ನನಗೆ ಹೊಳೆದದ್ದು 420.

ಸಂತೋಷ ಪಡಿ, ಆದರೆ ಬೀದಿಗೆಲ್ಲ ಹೇಳಬೇಡಿ. ಈ ಸಲ ಎಲ್ಲರಿಗೂ ಅಂಕ ಹೆಚ್ಚು ಬಂದಿದೆ. ಇಲ್ಲಿ ಅಂಕಕ್ಕೆ ಕಾದು ಕುಳಿತಿದ್ದವರೆಲ್ಲ ಇವತ್ತು ಅಂಚೆ ಕಚೇರಿಗೆ ಓಡಿದರು. ನನ್ನ ಕೋಣೆಯ ಒಬ್ಬಳಿಗೆ 421. ಅವಳ ಅರ್ಜಿಗೆ ಸಾವಿರದ ಏಳುನೂರರ ಆಚೆಯ ನಂಬರು ಬೀಳುತ್ತದೆ. ಅವಳೂ ಒಂಬತ್ತನೇ ಪುಟ ಓದಿರಲಿಲ್ಲ, ನಾವ್ಯಾರೂ ಓದಿರಲಿಲ್ಲ. ಮಾರ್ಚ್‌ನಲ್ಲಿ ನಾನು ಹೇಳಿದಾಗ ಹಳೆಯ ಅಂಕ ರದ್ದಾಗುತ್ತದೆಂದು ಹೆದರಿ ಹಾಕದೆ ಉಳಿದಳು. ಅವಳು ಹಾಸಿಗೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ನನಗಿಂತ ನಾಲ್ಕು ಅಂಕ ಹೆಚ್ಚು ತೆಗೆದವಳ ಪಕ್ಕ ಕುಳಿತು ನಾನು ಹಿಗ್ಗುವುದು ಹೇಗೆ? ನೀರು ಕೊಟ್ಟೆ. ಕಾಲೇಜುಗಳು ಇನ್ನೂ ಇವೆ ಎಂದೆ. ಅಷ್ಟೇ ಆಗಿದ್ದು.

ಉತ್ತರ ಮನೆಯ ವಿಳಾಸಕ್ಕೆ ಬರುತ್ತದೆ, ನೀವು ಸಹಿ ಮಾಡಿದ ವಿಳಾಸಕ್ಕೆ. ಬಂದ ತಕ್ಷಣ ಒಡೆದು ನೋಡಿ, ಫೋನ್ ಮಾಡಿ.

ನಿಮ್ಮ ಕಡ್ಡಿ


ಮೇ 9

ಕಡ್ಡಿಗೆ,

ಮೊನ್ನೆ ಬೆಳಗ್ಗೆ ಒಂಬತ್ತು ಗಂಟೆಗೆ ಮೂರನೇ ಚೀಲ ಸುರಿದೆ. ಕಾಲೇಜಿನ ಮುದ್ರೆ ಇದ್ದ ಲಕೋಟೆ, ನಿನ್ನ ಹೆಸರು, ನಮ್ಮ ಮನೆ.

ಪಕ್ಕದ ಮೇಜಿನವಳು ಎದ್ದು ಬಂದಳು. ಸಾಹೇಬರೂ ಬಂದರು. ತಪ್ಪುಗಳ ಪುಸ್ತಕದ ದೆಸೆಯಿಂದ ಇಡೀ ಆಫೀಸಿಗೆ ನಿನ್ನ ಕಥೆ ಗೊತ್ತು. ನಾನು ಅದನ್ನು ನಮ್ಮ ಬೀದಿಯ ಖಾನೆಗೆ ಹಾಕಿದೆ. ಆಮೇಲೆ ಉಳಿದ ಚೀಲ ಮುಗಿಸಿದೆ. ಇಷ್ಟು ನಿಧಾನವಾಗಿ ಆ ಕೆಲಸ ಯಾವತ್ತೂ ಸಾಗಿರಲಿಲ್ಲ.

ಪೋಸ್ಟ್‌ಮ್ಯಾನ್ ನಿನ್ನೆ ಬೆಳಗ್ಗೆ ಮೊದಲು ನಮ್ಮ ಮನೆಗೇ ಬಂದ. ನಿನ್ನ ಅಮ್ಮ ಕೈಯಲ್ಲಿದ್ದ ಬಟ್ಟೆ ಕೆಳಗೆ ಹಾಕಿ ಓಡಿಬಂದಳು. ಲಕೋಟೆಯನ್ನು ಮೇಜಿನ ಮೇಲಿಟ್ಟು ಇಬ್ಬರೂ ನೋಡುತ್ತಾ ನಿಂತೆವು. "ಒಡೀರಿ ಅಂತ ಅವಳೇ ಬರ್ದಿದಾಳಲ್ಲ" ಎಂದಳು. ಬರೆದಿದ್ದೀಯ. ಆದರೂ ಮೇಲಿದ್ದದ್ದು ನಿನ್ನ ಹೆಸರು. ಹುಟ್ಟಿದಾಗ ನಾನೇ ಇಟ್ಟ ಹೆಸರು, ಈಗ ಒಂದು ಕಾಲೇಜು ಅದನ್ನು ಅಚ್ಚು ಹಾಕಿಸಿ ಕಳಿಸಿದೆ. ಅದನ್ನು ನೋಡುತ್ತಾ ನಿಂತಾಗ ಕಣ್ಣು ತುಂಬಿ ಬಂತು. ಒಳಗೆ ಏನೇ ಇರಲಿ, ಅದನ್ನು ಮೊದಲು ಓದುವವಳು ನೀನು. ಮನೆಯ ವಿಳಾಸ ಹೊಡೆದು ಹಾಸ್ಟೆಲಿನ ವಿಳಾಸ ಬರೆದೆ. ನಿನ್ನ ಅಮ್ಮ, "ನಾನಾಗಿದ್ರೆ ಹಬೆಗೆ ಹಿಡಿದು ಬಿಚ್ಚಿ, ನೋಡಿ, ಮತ್ತೆ ಅಂಟಿಸ್ತಿದ್ದೆ" ಎಂದಳು. ಎಂದವಳೇ ಅಂಚೆ ಕಚೇರಿಯ ತನಕ ನನ್ನ ಜೊತೆ ನಡೆದು ಬಂದಳು.

ಡಬ್ಬಿಗೆ ಹಾಕುವ ಮೊದಲು ಕೈಯಲ್ಲಿ ಹಿಡಿದದ್ದು ನಿಜ. ತೂಕ ಹೊಳೆದದ್ದೂ ನಿಜ. ಬರೆಯುವುದಿಲ್ಲ.

ಅಪ್ಪ


ಮೇ 14

ಅಪ್ಪನಿಗೆ, ಅಮ್ಮನಿಗೆ,

ನಿಮ್ಮ ಕಾಗದವೂ ಅವರ ಲಕೋಟೆಯೂ ಒಂದೇ ದಿನ ಬಂದವು. ನಿಮ್ಮದನ್ನು ಮೊದಲು ಓದಿದೆ.

ಸೀಟು ಸಿಕ್ಕಿದೆ. ಒಳಗೆ ಐದು ಹಾಳೆ ಇದ್ದವು. ಬೇಡ ಎನ್ನಲು ಒಂದು ಸಾಕು, ನಿಮ್ಮ ಕೈಗೆ ಅದು ಗೊತ್ತಾಗಿರುತ್ತದೆ. ಗೊತ್ತಾಗಿಯೂ ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿರಲ್ಲ, ಅಮ್ಮನ ಎದುರಿಗೆ. ಅದು ಸೀಟಿಗಿಂತ ದೊಡ್ಡ ಸಾಹಸ.

ಮಾರ್ಚ್ 7ರ ಕಾಗದದಲ್ಲಿ ನಿಯಮ ದೊಡ್ಡದೋ ನನ್ನ ವರ್ಷ ದೊಡ್ಡದೋ ಎಂದು ಕೇಳಿದ್ದೆ. ಆ 'ಹೂಂ' ಹೇಳಿದ್ದಿದ್ದರೆ ನನ್ನ ಅರ್ಜಿ ಇವತ್ತು ಸಾವಿರದ ಏಳುನೂರರ ಆಚೆ ಇರುತ್ತಿತ್ತು. ಆದರೆ ಸೀಟು ಸಿಗದೆ ಹೋಗಿದ್ದರೂ ನಾನು ಇದನ್ನು ಬರೆಯುತ್ತಿದ್ದೆ ಎಂದು ನಿಮಗೆ ತಿಳಿದಿರಲಿ. ನಾಳೆ ಯಾರೋ ನನ್ನನ್ನು ನೋಡದೆಯೇ ನಂಬಿ ಆಸ್ಪತ್ರೆಗೆ ಬಂದು ಮಲಗುತ್ತಾರೆ. ಆಗ ಯಾರ ಹಾಗೆ ಇರಬೇಕು ಎಂದು ನಾನು ಪುಸ್ತಕದಲ್ಲಿ ಹುಡುಕಬೇಕಾಗಿಲ್ಲ.

ಇವತ್ತು ಸೇರಿಕೊಳ್ಳಲು ಹೋಗಿದ್ದೆ. ಅದೇ ಕಿಟಕಿ, ಅದೇ ಮೇಡಂ. ಫಾರಂ ತುಂಬಿಸುತ್ತಾ ತಲೆ ಎತ್ತದೆ ಕೇಳಿದರು, "ತಂದೆ ಉದ್ಯೋಗ?"

"ಅಂಚೆ ವಿಂಗಡಣೆ. ಇಪ್ಪತ್ತೇಳು ವರ್ಷ. ಒಂದ್ ಕಾಗದಾನೂ ತಪ್ಪು ಕಡೆ ಹೋಗಿಲ್ಲ" ಎಂದೆ.

ಅವರು ಕನ್ನಡಕದ ಮೇಲಿಂದ ನೋಡಿದರು. "ಉದ್ಯೋಗ ಕೇಳಿದ್ದು ನಾನು. ಇಲ್ಲಿ ಎರಡು ಪದ ಹಿಡಿಸೋಷ್ಟೇ ಜಾಗ ಇರೋದು."

ಹೇಳಿದರು, ಆದರೆ ಪೆನ್ನು ಎರಡು ಪದಕ್ಕೆ ನಿಲ್ಲಲಿಲ್ಲ. ಅಕ್ಷರ ಸಣ್ಣದು ಮಾಡಿಕೊಂಡು ಗೆರೆ ದಾಟಿ ಅಂಚಿನ ತನಕ ಬರೆದರು. ನಾನು ಕಿಟಕಿಯ ಈಚೆಯಿಂದ ತಲೆಕೆಳಗಾಗಿ ಓದಿದೆ. ಪೂರ್ತಿ ಬರೆದಿದ್ದಾರೆ.

ನಾಳೆ ಕೆಲಸಕ್ಕೆ ಹೋದಾಗ ತಪ್ಪುಗಳ ಪುಸ್ತಕ ತೆಗೆಸಿ ಆ ಸಾಲನ್ನು ಹೊಡೆದುಹಾಕಿ. ಸಾಹೇಬರ ಸಹಿ ಬೇಕಿದ್ದರೆ ನನ್ನದೂ ಇದೆ, ಈ ಕೆಳಗೆ.

ನಿಮ್ಮ ಕಡ್ಡಿ,
ಮೊದಲನೇ ವರ್ಷದ ವೈದ್ಯಕೀಯ ವಿದ್ಯಾರ್ಥಿನಿ